ಹದ್ದಿನ ಪಾಲು

ಬದುಕಿದ ಎತ್ತು ಎಷ್ಟೇ ಮೊಂಡು ಮಾಡಲಿ, ಬಾಲ ಮುರಿದರೆ ಎರಡು ಹೆಜ್ಜೆ ಇಡುತ್ತದೆ. ಸತ್ತ ಎತ್ತಿಗೆ ಯಾರ ಮುಲಾಜೂ ಇಲ್ಲ. ಕೆಂಚಮ್ಮ ಹದಿನಾರು ವರ್ಷದಿಂದ ಸತ್ತದ್ದನ್ನೇ ಎಳೆಯುತ್ತಿದ್ದಳು. ಗಂಡ ಇರುವವರೆಗೆ ಅವನ ಜೊತೆ ಎಳೆದಳು. ಅವನು ಪ್ಲೇಗಿನಲ್ಲಿ ಹೋದ ಮೇಲೆ ಮೈದುನ ಮಹದೇವುವಿನ ಜೊತೆ ಎಳೆದಳು. ಹೆಂಗಸು ಹಗ್ಗ ಹಿಡಿಯುವುದು ಕೇರಿಯಲ್ಲಿ ಪದ್ಧತಿಯಲ್ಲ. ಆದರೆ ಎಳೆಸುವವರಿಗೆ ಬೇಕಾದದ್ದು ಹೊಲಸು ಕಣ್ಮರೆಯಾಗುವುದು. ಎಳೆಯುವ ಕೈಯಲ್ಲಿ ಬಳೆ ಇದೆಯೋ ಇಲ್ಲವೋ ಎಂದು ಯಾರೂ ನೋಡಲಿಲ್ಲ.

ಹಗ್ಗ ಕೂರುವ ಕಡೆ ಅವಳ ಹೆಗಲು ಅಂಗೈಯಗಲ ಜಡ್ಡುಗಟ್ಟಿತ್ತು. ಚರ್ಮಕ್ಕೆ ಉಪ್ಪು ತಿಕ್ಕಿ ತಿಕ್ಕಿ ಬೆರಳ ಸಂದಿಯಲ್ಲಿ ಹುಣ್ಣು. ಊರ ಬಾವಿಯ ಹತ್ತಿರ ಸುಳಿಯುವಂತಿಲ್ಲ. ಸತ್ತದ್ದನ್ನು ಎಳೆಯುವಾಗ ದೊಡ್ಡ ರಸ್ತೆ ತುಳಿಯುವಂತಿಲ್ಲ. ಚರಂಡಿ ಪಕ್ಕದ ಓಣಿಯಲ್ಲಿ, ಕಲ್ಲು ಮುಳ್ಳಿನ ಮೇಲೆ ಹೋಗಬೇಕು. ದನ ಬದುಕಿರುವವರೆಗೆ ಅದಕ್ಕೆ ಅರಿಶಿನ, ಕುಂಕುಮ, ಹೂವಿನ ಹಾರ. ಉಸಿರು ನಿಂತ ಗಳಿಗೆಯಿಂದ ಅದು ಕೆಂಚಮ್ಮನದು. ಹಾಲು ಅವರಿಗೆ, ನಾತ ಇವಳಿಗೆ. ಇದಕ್ಕೆ ಮೈಸೂರಿನಲ್ಲಿ ಧರ್ಮ ಎಂದು ಹೆಸರು.

ಬಂಗಲೆ ಬೆಟ್ಟದ ತಪ್ಪಲಿಗೆ ಆತುಕೊಂಡಿತ್ತು. ಯಜಮಾನರು ಯಾವುದೋ ದೊಡ್ಡ ಕೆಲಸ ಮಾಡಿ ಪಿಂಚಣಿ ಪಡೆದು ಕೂತವರು. ಕೇರಿಯವರ ಬಾಯಲ್ಲಿ ಅವರಿಗೆ ಹೆಸರಿಲ್ಲ, ಬರೀ ‘ಬುದ್ದಿಯೋರು’. ಇಪ್ಪತ್ತು ಹಸು, ಎಂಟು ಎತ್ತು, ಎರಡು ಕುದುರೆ, ನಾಲ್ಕು ಸೀಮೆ ನಾಯಿ, ಒಂದು ಮೋಟಾರು. ಎಲ್ಲವನ್ನೂ ನೋಡಿಕೊಳ್ಳಲು ಶಾಮಣ್ಣನೆಂಬ ಪಾರುಪತ್ಯಗಾರ. ಬಂಗಲೆಯ ಹಿಂದಿನ ಬರಡು ಜಾಗದಲ್ಲಿ ಕೇರಿಯ ಹನ್ನೊಂದು ಗುಡಿಸಲು. ಜಾಗ ಬಂಗಲೆಯದು. ಸತ್ತದ್ದನ್ನು ಎಳೆದು ಹಾಕುವವರೆಗೆ ಗುಡಿಸಲು ಇರುತ್ತದೆ, ಒಲ್ಲೆವೆಂದ ದಿನ ಇರುವುದಿಲ್ಲ. ಇದನ್ನು ಯಾರೂ ಕಾಗದದಲ್ಲಿ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಗುಡಿಸಲುಗಳಿಂದ ಕೂಗಳತೆಯಲ್ಲಿ, ಸತ್ತ ದನವನ್ನು ತಂದು ಹಾಕುವ ಮೂಳೆದಿಬ್ಬ. ಮೇಲೆ ಗೇಣು ಮಣ್ಣು, ಕೆಳಗೆ ಬರೀ ಬಂಡೆ. ಅದರಾಚೆ ಮೂರು ದೊಡ್ಡ ಗೋಣಿ ಮರ. ಮರದ ತುಂಬ ರಣಹದ್ದು. ಊರವರಿಗೆ ಆ ಹಕ್ಕಿ ಅಪಶಕುನ. ಮನೆಯ ಮೇಲೆ ಕೂತರೆ ಶಾಂತಿ ಮಾಡಿಸುತ್ತಾರೆ. ಕೇರಿಯವರಿಗೆ ಅದು ಜೊತೆ ಕೆಲಸದ್ದು. ಊರ ಹೊಲಸನ್ನು ತೆಗೆದು ಊರಿನಿಂದಲೇ ಬೈಸಿಕೊಳ್ಳುವ ಕಸುಬು ಇಬ್ಬರದೂ ಒಂದೇ ಆಗಿತ್ತು.

ಅತ್ತೆ ತಿಮ್ಮಮ್ಮ ಸಾಯುವ ಮುಂಚೆ ಸೊಸೆಗೆ ಕಸುಬು ಹೇಳಿಕೊಟ್ಟಿದ್ದಳು. ಮೊದಲು ಚರ್ಮ ಸುಲಿ. ಆಮೇಲೆ ಹೊಟ್ಟೆ ಬಗೆ. ಬಗೆದು ನೂರು ಹೆಜ್ಜೆ ಹಿಂದಕ್ಕೆ ಬಂದು ಕೂತುಕೊಂಡು ಮೂರು ಸಲ ಚಪ್ಪಾಳೆ ತಟ್ಟು. ಮೊದಲ ಪಾಲು ಹದ್ದಿನದು. ಅದು ತಿಂದು, ಒಂದು ಎಲೆಅಡಿಕೆ ಅಗಿದು ಉಗಿಯುವಷ್ಟು ಹೊತ್ತಾದ ಮೇಲೆ ಓಡಿಸಿ ನಿನ್ನ ಪಾಲು ಕೊಯ್ದುಕೋ. ಹದ್ದು ಒಲ್ಲದ್ದನ್ನು ನೀನೂ ಒಲ್ಲೆ ಅನ್ನು. “ಹಾವು ಕಚ್ಚಿ ಸತ್ತದೋ, ರೋಗ ಬಂದು ಸತ್ತದೋ, ನಮಗೆ ಎಂಗೆ ಗೊತ್ತಾದಾತು ಕೂಸೆ. ಅದಕ್ಕೆ ಗೊತ್ತು ಕಣವ್ವ,” ಎನ್ನುತ್ತಿದ್ದಳು. ಹೌದು, ಕೇರಿಯವರು ಸತ್ತ ದನದ ಮಾಂಸ ತಿನ್ನುತ್ತಿದ್ದರು. ಮೂಗು ಮುರಿಯುವವರು ಮುರಿಯಲಿ. ಕಣಜ ತುಂಬಿದವರು ಹಸಿದವರ ಗಂಗಾಳ ಇಣುಕಿ ನೋಡಿ ಹೇಸುವುದು ಹೊಸದೇನಲ್ಲ.

ಆ ವರ್ಷ ಮಾರ್ಗಶಿರದಲ್ಲಿ ಬೆಟ್ಟದಿಂದ ಚಿರತೆಯೊಂದು ಇಳಿದು ಬಂಗಲೆಯ ಸೀಮೆ ನಾಯಿಯೊಂದನ್ನು ಎತ್ತಿಕೊಂಡು ಹೋಯಿತು. ಬುದ್ದಿಯೋರು ಮೂರು ಸಲ ಅಟ್ಟಣೆಯ ಮೇಲೆ ಬಂದೂಕು ಹಿಡಿದು ಕೂತರು. ಸೊಳ್ಳೆ ಬಂದವು, ಚಿರತೆ ಬರಲಿಲ್ಲ. ಸಂಕ್ರಾಂತಿಗೆ ಮದರಾಸಿನಿಂದ ಬಿಳಿ ದೊರೆಯೊಬ್ಬ ಅತಿಥಿಯಾಗಿ ಬರುವವನಿದ್ದ. ಅವನಿಗೆ ಬೆಟ್ಟದ ಚಿರತೆಯ ಚರ್ಮ ಉಡುಗೊರೆ ಕೊಡುತ್ತೇನೆಂದು ಇವರು ಕಾಗದ ಬರೆದುಬಿಟ್ಟಿದ್ದರು. ಗುಂಡಿಗೆ ಸಿಗದ್ದು ವಿಷದ ಮದ್ದಿಗೆ ಸಿಗುತ್ತದೆ, ಚರ್ಮದಲ್ಲಿ ತೂತೂ ಬೀಳುವುದಿಲ್ಲ ಎಂದು ಯಾರೋ ಹೇಳಿಕೊಟ್ಟರು. ಅದೇ ವಾರ ಬಂಗಲೆಯ ಮುದಿ ಎತ್ತೊಂದು ಸತ್ತಿತು.

ಪೊಟ್ಟಣ ತಂದುಕೊಟ್ಟವನು ಸವರಿಮುತ್ತು. ಬಂಗಲೆಯ ಕುದುರೆ ನಾಯಿಗಳನ್ನು ನೋಡಿಕೊಳ್ಳುವವನು. ಅವನ ತಾತ ಇದೇ ಕೇರಿಯವನು, ಪಾದ್ರಿಗಳ ಕೈಯಲ್ಲಿ ತಲೆಗೆ ನೀರು ಹಾಕಿಸಿಕೊಂಡು ಕ್ರಿಸ್ತುವನಾದವನು. ಮೂರು ತಲೆಮಾರು ಕಳೆದಿದ್ದರೂ ಬಂಗಲೆಯಲ್ಲಿ ಸವರಿಮುತ್ತುವಿಗೆ ಕುಡಿಯುವ ನೀರನ್ನು ಮೇಲಿನಿಂದಲೇ ಬೊಗಸೆಗೆ ಹೊಯ್ಯುತ್ತಿದ್ದರು.

“ಕೆಂಚಕ್ಕ, ಸುಲಿದಾದ ಮೇಲೆ ಈ ಪುಡೀನ ಹೊಟ್ಟೆ ಒಳಕ್ಕೆ ಉದುರ್ಸಬೇಕಂತೆ.”

“ಏನಪ್ಪ ಇದು?”

“ನಾತಕ್ಕೆ ಮದ್ದಂತೆ. ಶಾಮಣ್ಣೋರು ಕೊಟ್ರು. ದೊರೆ ಬತ್ತಾನಲ್ಲ, ಬಂಗ್ಲೆ ಕಡೀಕೆ ನಾತ ಬರಬಾರ್ದಂತೆ.”

ಬಿಳಿ ಪುಡಿ. ಕೆಂಚಮ್ಮನ ಕಸುಬಿನಲ್ಲಿ ಬಿಳಿ ಪುಡಿ ಎಂದರೆ ಎರಡೇ, ಉಪ್ಪು ಮತ್ತು ಸುಣ್ಣ. ಎರಡೂ ಕೊಳೆಯದಂತೆ ತಡೆಯುವವು. ಮೂರನೆಯದು ಇರಬಹುದೆಂದು ಅವಳಿಗೆ ಹೊಳೆಯಲಿಲ್ಲ. ಚರ್ಮ ಸುಲಿದಳು. ಹೊಟ್ಟೆ ಬಗೆದಳು. ತನ್ನ ಕೈಯಾರೆ ಕರುಳು ಗುಂಡಿಗೆಯ ಮೇಲೆಲ್ಲ ಪುಡಿ ಉದುರಿಸಿದಳು. ಬೂದಿಯಲ್ಲಿ ಕೈ ತಿಕ್ಕಿಕೊಂಡು, ನೂರು ಹೆಜ್ಜೆ ಹಿಂದೆ ಬಂದು ಚಪ್ಪಾಳೆ ತಟ್ಟಿದಳು. ಕೇರಿಯ ಹೆಂಗಸರು ಮಕ್ಕಳು ಕುಕ್ಕೆ ಹಿಡಿದುಕೊಂಡು ಅವಳ ಹಿಂದೆ ಕೂತರು.

ಗೋಣಿ ಮರದಿಂದ ಹದ್ದುಗಳು ಇಳಿದವು. ಒಂದರ ಮೇಲೊಂದು ಬಿದ್ದು, ಕಚ್ಚಾಡಿ, ಕತ್ತು ತೂರಿಸಿ ತಿಂದವು. ಕೆಂಚಮ್ಮನ ಬಾಯಲ್ಲಿ ಎಲೆಅಡಿಕೆ ಇನ್ನೂ ಕೆಂಪೇರಿರಲಿಲ್ಲ. ಒಂದು ಹದ್ದು ಕತ್ತನ್ನು ಹಿಂದಕ್ಕೆ ಸೆಟೆದುಕೊಂಡು ಬಿತ್ತು. ಕಾಲು ಕೊರಡಿನಂತೆ ನಿಗುರಿಕೊಂಡವು. ರೆಕ್ಕೆ ನೆಲಕ್ಕೆ ಬಡಿಯಿತು, ನಿಂತಿತು, ಮತ್ತೆ ಬಡಿಯಿತು. ಇನ್ನೊಂದು ಬಿತ್ತು. ಆಮೇಲೆ ಐದು, ಹತ್ತು. ಹಾರಿಹೋಗಲು ಓಡಿದವು ನಾಲ್ಕು ಹೆಜ್ಜೆಗೆ ಮುಗ್ಗರಿಸಿದವು. ಮರಕ್ಕೆ ಮರಳಿದವು ಕೊಂಬೆಯಿಂದ ಕೆಳಕ್ಕೆ ಉದುರಿದವು.

“ಯಾರೂ ಮುಂದ್ಕೆ ಬರಬ್ಯಾಡಿ,” ಎಂದಳು ಕೆಂಚಮ್ಮ. ಕುಕ್ಕೆ ಹಿಡಿದು ಎದ್ದಿದ್ದ ಹುಡುಗಿಯೊಂದರ ಜಡೆ ಹಿಡಿದು ಎಳೆದು ಕೂರಿಸಿದಳು.

ಮಧ್ಯಾಹ್ನದ ಹೊತ್ತಿಗೆ ಮೂವತ್ತೆಂಟು ಹದ್ದು ಸತ್ತು ಬಿದ್ದಿದ್ದವು. ಎರಡು ನರಿ. ಕೇರಿಯ ಕರಿನಾಯಿ. ಚಿರತೆ ಆ ಕಡೆ ಹಣಕಿಯೂ ನೋಡಲಿಲ್ಲ. ಹನ್ನೊಂದು ಗುಡಿಸಲ ಐವತ್ತು ಜನ ಬದುಕಿ ಉಳಿದಿದ್ದರು, ಯಾಕೆಂದರೆ ಅವರಿಗಿಂತ ಮೊದಲು ಹದ್ದು ತಿಂದಿತ್ತು.

ಏನೋ ತಪ್ಪಾಗಿದೆ, ಉಪ್ಪಿನ ಬದಲು ಬೇರೆ ಪೊಟ್ಟಣ ಕೊಟ್ಟಿದ್ದಾರೆ ಎಂದೇ ಕೆಂಚಮ್ಮ ತಿಳಿದಳು. ಅಷ್ಟು ವರ್ಷ ತುಳಿಸಿಕೊಂಡ ಮೇಲೂ ಅವರ ಮೇಲೆ ಅಷ್ಟು ನಂಬಿಕೆ ಉಳಿದಿತ್ತು. ಬಂಗಲೆಯ ಹಿತ್ತಿಲ ಬೇಲಿಯ ಹತ್ತಿರ ಓಡಿ ಹೋಗಿ ನಿಂತಳು. ಕುದುರೆ ಲಾಯದ ಕಂಬಗಳಿಗೆ ಮೂರು ಸೀಮೆ ನಾಯಿಗಳನ್ನೂ ಸರಪಳಿ ಹಾಕಿ ಕಟ್ಟಿತ್ತು. ಯಾವಾಗಲೂ ಬಿಟ್ಟಿರುತ್ತಿದ್ದ ನಾಯಿಗಳು ಅವು.

“ನಾಯಿ ಯಾಕಪ್ಪ ಕಟ್ಟೀಯೆ?” ಎಂದು ಸವರಿಮುತ್ತುವನ್ನು ಕೇಳಿದಳು.

ಸವರಿಮುತ್ತು ಹುಲ್ಲಿನ ಕಟ್ಟು ಕೆಳಗಿಟ್ಟ. “ಬೆಳಗಾಗೆದ್ದು ಶಾಮಣ್ಣೋರು ಏಳಿದ್ರು ಕೆಂಚಕ್ಕ. ಇವತ್ತು ನಾಯಿ ದಿಬ್ಬದ ಕಡೀಕೆ ಓಗಕೂಡದು, ಬಿಗಿಯಾಗಿ ಕಟ್ಟು ಅಂದ್ರು. ಕಟ್ದೆ.”

ಹೇಳುತ್ತಾ ಹೇಳುತ್ತಾ ಅವನಿಗೇ ಅರ್ಥವಾಯಿತು. ಅವಳ ಮುಖ ನೋಡಿದ, ಆಮೇಲೆ ನಾಯಿಗಳನ್ನು ನೋಡಿದ. “ನಿಮಗೆ ಏಳ್ಬುಡು ಅನ್ನಲಿಲ್ಲ,” ಎಂದ. “ನಂಗೆ ಗೊತ್ತಿರಲಿಲ್ಲ ಕೆಂಚಕ್ಕ, ಮಾತೆ ಆಣೆಗೂ ಗೊತ್ತಿರಲಿಲ್ಲ.”

ಅಷ್ಟರಲ್ಲಿ ಶಾಮಣ್ಣ ಹಿತ್ತಿಲಿಗೆ ಬಂದ. ಹತ್ತು ಮಾರು ದೂರದಲ್ಲೇ ನಿಂತ. ಕೆಂಚಮ್ಮ ಕೈ ಮುಗಿದು ಎಲ್ಲ ಹೇಳಿದಳು. ಶಾಮಣ್ಣ ಕೇಳಿದ್ದು ಎರಡೇ ಮಾತು.

“ಚಿರತೆ ಬಿತ್ತೇನೇ?”

“ಇಲ್ಲ ಬುದ್ದಿ.”

“ನಿಮ್ಮವರು ಯಾರಾದರೂ ತಿಂದ್ರೇನು?”

“ಇಲ್ಲ ಬುದ್ದಿ. ಹದ್ದು ಸತ್ತಿದ್ದು ಕಂಡು ಮುಟ್ಟಲಿಲ್ಲ.”

“ಮತ್ತೇನು. ಯಾರೂ ಸತ್ತಿಲ್ಲವಲ್ಲ, ಹೋಗು,” ಎಂದು ಒಳಗೆ ಹೋದ.

ಯಾರೂ ಸತ್ತಿಲ್ಲ. ಕೆಂಚಮ್ಮ ಆ ಮಾತನ್ನು ಮೂಳೆದಿಬ್ಬದವರೆಗೂ ಅಗಿಯುತ್ತಾ ಬಂದಳು. ಸೀಮೆ ನಾಯಿಗೆ ಸರಪಳಿ ಹಾಕಿ ಕಾಪಾಡಬೇಕೆಂದು ನೆನಪಿದ್ದವರಿಗೆ ಐವತ್ತು ಜನ ನೆನಪಿಗೆ ಬಂದಿರಲಿಲ್ಲ. ಬಂದಿದ್ದರೂ ಒಂದು ಮಾತು ಹೇಳಿ ಕಳಿಸಲು ಯಾಕೆ ಬಾಯಿ ನೋಯಿಸಿಕೊಳ್ಳಬೇಕೆಂದು ಸುಮ್ಮನಿದ್ದಿರಬೇಕು. ಅದಕ್ಕಿಂತ ದೊಡ್ಡ ನೋವು ಅವಳಿಗೆ ಬೇರೆ ಇತ್ತು. ಚಪ್ಪಾಳೆ ತಟ್ಟಿ ಕರೆದವಳು ಅವಳು. ಕರೆದದ್ದಕ್ಕೆ ನಂಬಿ ಬಂದವು ಆ ಹಕ್ಕಿಗಳು.

ಗೋಣಿ ಮರದ ಗೂಡುಗಳಲ್ಲಿ ಮರಿಗಳಿದ್ದವು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ತಾಯಿತಂದೆ ಬಾರದ ಮರಿಗಳು ಮೂರು ದಿನ ಕೀರಲು ದನಿಯಲ್ಲಿ ಕೂಗಿದವು. ಮಹದೇವು ಮರ ಹತ್ತಿ ಕೋಳಿಯ ಕರುಳು ಇಟ್ಟು ಬಂದ. ಅವು ತಿನ್ನಲು ಕಲಿತಿರಲಿಲ್ಲ. ನಾಲ್ಕನೆಯ ದಿನ ಮರ ಸುಮ್ಮನಾಯಿತು. ಉಳಿದದ್ದು ಆ ದಿನ ಎಲ್ಲೋ ದೂರ ಹೋಗಿದ್ದ ಒಂಬತ್ತು ಹಕ್ಕಿ.

ಕೆಂಚಮ್ಮ ಕೈ ಕಟ್ಟಿ ಕೂರಲಿಲ್ಲ. ಸತ್ತ ಹದ್ದೊಂದನ್ನು ಕುಕ್ಕೆಯಲ್ಲಿಟ್ಟು ತಲೆಯ ಮೇಲೆ ಹೊತ್ತುಕೊಂಡು ಸುತ್ತಿನ ನಾಲ್ಕು ಕೇರಿಗೆ ಹೋದಳು, ದೂರದ ದಟ್ಟಗಳ್ಳಿಯ ಕೇರಿಗೂ ಹೋದಳು. ಕುಕ್ಕೆ ಇಳಿಸಿ, ಬಟ್ಟೆ ಸರಿಸಿ ತೋರಿಸಿದಳು. “ದೊಡ್ಡೋರು ಬಿಳಿ ಪುಡಿ ಕೊಟ್ರೆ ಈಸ್ಕೊಬ್ಯಾಡಿ. ನಾತಕ್ಕೆ ಮದ್ದು ಅಂತಾರೆ. ನಮಗೇ ಮದ್ದು ಅದು. ಇವು ಸತ್ರೆ ನಾಳೆ ನಮಗೆ ಮುಂಚೆ ತಿಂದು ತೋರ್ಸೋರು ಯಾರು?” ಎಂದಳು. ಹೇಳಿಬಂದ ಮೇಲೆ ಕೇರಿಯ ಸೌದೆಯನ್ನೆಲ್ಲ ಒಟ್ಟಿ ಸತ್ತ ಹಕ್ಕಿಗಳನ್ನೂ ಆ ಎತ್ತನ್ನೂ ಸುಟ್ಟಳು. ನಾತಕ್ಕೆ ಬಂಗಲೆಯವರು ಬೈದು ಕಳಿಸಿದರು.

ನಿಜವಾದ ನಾತ ಆಮೇಲೆ ಬಂತು. ಮುಂಚೆ ಒಂದು ಎತ್ತು ಒಂದು ಗಳಿಗೆಯೊಳಗೆ ಮೂಳೆಯಾಗುತ್ತಿತ್ತು. ಈಗ ಊರಿನ ಒಂದು ಎಮ್ಮೆ ಒಂಬತ್ತು ದಿನ ಕೊಳೆಯಿತು. ಹುಳು ಹರಿದು ಗುಡಿಸಲ ಬಾಗಿಲಿಗೆ ಬಂದವು. ನೊಣ ಎಳೆಕೂಸುಗಳ ಕಣ್ಣಿಗೆ ಮುತ್ತಿದವು. ಕೆಂಚಮ್ಮ ಮಹದೇವು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೊಳೆತದ್ದನ್ನು ಬಾಂಡಲಿಯಲ್ಲಿ ತುಂಬಿ ಬೆಟ್ಟದ ಕೊರಕಲಿಗೆ ಸುರಿದು ಬಂದರು. ಹದ್ದಿನ ಕೆಲಸವೂ ಅವರ ಹೆಗಲಿಗೆ ಬಿತ್ತು.

ಸಂಕ್ರಾಂತಿಯ ಹಿಂದಿನ ದಿನ ಬಂಗಲೆಯಲ್ಲಿ ಒಂದು ಕರು ಸತ್ತಿತು. ಬೆಳಿಗ್ಗೆಯೇ ಮಹದೇವುವಿನ ಜೊತೆ ಎಳೆದು ದಿಬ್ಬಕ್ಕೆ ತಂದು, ಕೆಂಚಮ್ಮ ಸುಲಿದು ಹೊಟ್ಟೆ ಬಗೆದಿದ್ದಳು. ಚಪ್ಪಾಳೆ ತಟ್ಟುವುದೊಂದು ಬಾಕಿ. ಆಗ ಶಾಮಣ್ಣ ತಾನೇ ಬಂದ. ಹಿಂದೆ ಸವರಿಮುತ್ತು. ಶಾಮಣ್ಣ ಮೂಗಿಗೆ ಅಂಗವಸ್ತ್ರ ಒತ್ತಿಕೊಂಡಿದ್ದ. ಪೊಟ್ಟಣವನ್ನು ದೂರದಿಂದ ಅವಳ ಕಾಲ ಹತ್ತಿರ ಎಸೆದ.

“ಹಾಕು. ಸಾಯಂಕಾಲದ ರೈಲಿಗೆ ದೊರೆ ಬರ್ತಾರೆ. ನಾಳೆ ಬೆಳಗಾಗೋದರೊಳಗೆ ಚಿರತೆ ಬೀಳಬೇಕು. ಈ ಸಲ ನಿಮ್ಮವರಿಗೆ ತಿನ್ನಬೇಡಿ ಅಂತ ಹೇಳು. ನಾನು ಹೇಳಲಿಲ್ಲ ಅಂತ ಆಮೇಲೆ ಊರೆಲ್ಲ ಸಾರಬೇಡ.”

ಕೆಂಚಮ್ಮ ಪೊಟ್ಟಣ ಮುಟ್ಟಲಿಲ್ಲ. “ಹದ್ದಿಗೆ ಯಾರು ಏಳ್ತಾರೆ ಬುದ್ದಿ?”

“ಏನಂದೆ?”

“ನಮಗೆ ಏಳಿದ್ರಿ. ನಿಮ್ಮ ನಾಯಿಗೆ ಸರಪಳಿ ಆಕಿದ್ರಿ. ಒಂಬತ್ತು ಹದ್ದು ಉಳಿದವೆ. ಅವಕ್ಕೆ ಯಾರು ಏಳ್ತಾರೆ?”

ಶಾಮಣ್ಣ ನಕ್ಕ. “ಹೆಣ ತಿನ್ನೋ ಹಕ್ಕಿಗೆ ನೀನು ಪೌರೋಹಿತ್ಯ ಮಾಡ್ತೀಯೇನೇ? ಹಾಕು ಅಂದ್ರೆ ಹಾಕು.”

“ಆಕಕಿಲ್ಲ ಬುದ್ದಿ.”

“ಏನು?”

“ಆಕಕಿಲ್ಲ. ಒಂದು ಸಲ ಗೊತ್ತಿಲ್ದೆ ಆಕ್ದೆ. ಈಗ ಗೊತ್ತು.”

ಅಷ್ಟು ವರ್ಷದಲ್ಲಿ ಆ ದಿಬ್ಬದ ಮೇಲೆ ಯಾರೂ ಅಂಥ ಮಾತಾಡಿರಲಿಲ್ಲ. “ಗುಡಿಸಲು ಇರೋ ಜಾಗ ಯಾರದು ಅನ್ನೋದು ಮರೆತುಹೋಯ್ತಾ?” ಎಂದ ಶಾಮಣ್ಣ. ಅವಳು ನೆಲ ನೋಡುವ ಬದಲು ಅವನ ಮುಖವನ್ನೇ ನೋಡಿದಳು. ಅದು ಅವನಿಗೆ ಬೈದದ್ದಕ್ಕಿಂತ ಹೆಚ್ಚು ಉರಿಯಿತು.

ಶಾಮಣ್ಣ ಸವರಿಮುತ್ತುವಿನ ಕೈಯಲ್ಲಿ ಒಂದು ಉದ್ದ ಬಿದಿರು ತರಿಸಿದ. ಅದರ ತುದಿಗೆ ಡಬ್ಬಿಯೊಂದನ್ನು ಕಟ್ಟಿಸಿದ. ಬಿದ್ದಿದ್ದ ಪೊಟ್ಟಣವನ್ನು ಅವನಿಂದಲೇ ಎತ್ತಿಸಿ, ಪುಡಿಯನ್ನು ಡಬ್ಬಿಗೆ ಸುರಿದು, ದೂರ ನಿಂತು, ಮುಖ ಆ ಕಡೆ ತಿರುಗಿಸಿಕೊಂಡು, ಮುಟ್ಟಿ ಮೈಲಿಗೆಯಾಗದಂತೆ ಕರುವಿನ ಹೊಟ್ಟೆಯೊಳಕ್ಕೆ ವಿಷ ಬಗ್ಗಿಸಿದ. ಬಿದಿರನ್ನು ಎಸೆದು, ಸ್ನಾನಕ್ಕೆ ನೀರು ಕಾಯಿಸಲು ಹೇಳೆಂದು ಸವರಿಮುತ್ತುವನ್ನು ಮುಂದೆ ಓಡಿಸಿ ಹೊರಟುಹೋದ. ಕೊಲ್ಲುವುದರಲ್ಲಿ ಅವನಿಗೆ ಮಡಿ ಕೆಡಲಿಲ್ಲ.

ಅವನು ಬೆನ್ನು ತಿರುಗಿಸಿದ್ದೇ ತಡ, ಗೋಣಿ ಮರದಿಂದ ಮೊದಲ ಹದ್ದು ಇಳಿಯಿತು. ಕೆಂಚಮ್ಮ ಅದೇ ಬಿದಿರನ್ನು ಎತ್ತಿಕೊಂಡು ಓಡಿದಳು. ಹದಿನಾರು ವರ್ಷ ಚಪ್ಪಾಳೆ ತಟ್ಟಿ ಕರೆದವಳು ಈಗ ಬೈದು, ಬಡಿದು, ಮಣ್ಣು ತೂರಿ ಓಡಿಸಿದಳು. ಅವು ಹತ್ತು ಮಾರು ಹಿಂದೆ ಹೋಗಿ ಕೂತು ಕಾದವು. ಹಸಿದಿದ್ದವು.

“ಹೂತುಬುಡಾನ ಅತ್ಗೆ,” ಎಂದ ಮಹದೇವು.

“ಎಲ್ಲಿ ಹೂಳೀಯೆ? ಗೇಣು ತೋಡಿದ್ರೆ ಬಂಡೆ. ನರಿ ಕೆದಕಿ ತಿಂತದೆ. ಸುಡಾನ ಅಂದ್ರೆ ಇದ್ದ ಸೌದೆಯೆಲ್ಲ ಎತ್ತಿಗೇ ಮುಗಿದೋಯ್ತು.”

“ಮತ್ತೇನು ಮಾಡಾನ?”

“ಆಕಿದ್ದು ಯಾರು? ಅವರೇ ಹೂಳಲಿ. ಹಗ್ಗ ಕಟ್ಟು.”

ಮಹದೇವು ಕದಲಲಿಲ್ಲ. “ಗುಡಿಸಲು ಕೀಳುಸ್ತಾರೆ ಅತ್ಗೆ.”

“ಕೀಳ್ಸಲಿ ಬುಡು. ಆ ಗುಡಿಸಲಲ್ಲಿ ಹೆಣ ಆಗಿ ಬಿದ್ದಿರೋದ್ಕಿಂತ ಬೇಲಿ ಸಂದೀಲಿ ಬದುಕಿರಾನ.”

ಕೀಳಿಸಿದರು ಕೂಡ. ಹಬ್ಬ ಮುಗಿದ ವಾರಕ್ಕೆ ಹನ್ನೊಂದಕ್ಕೆ ಹನ್ನೊಂದೂ ನೆಲಕ್ಕೆ ಬಿದ್ದವು, ಅವರು ಬೆಟ್ಟದ ಆ ಮಗ್ಗುಲಿಗೆ ಹೋಗಿ ಹುಲ್ಲು ಹೊದಿಸಿಕೊಂಡರು. ಅದು ಆಮೇಲಿನ ಮಾತು. ಆ ದಿನ ಮಹದೇವು ಹಗ್ಗ ಕಟ್ಟಿದ.

ಇಬ್ಬರೂ ಎಳೆದರು. ಓಣಿಯಲ್ಲಿ ಎಳೆಯಲಿಲ್ಲ, ದೊಡ್ಡ ರಸ್ತೆಯಲ್ಲಿ ಎಳೆದರು. ಸಗಣಿ ನೀರು ಹಾಕಿ, ಹಬ್ಬಕ್ಕೆ ರಂಗೋಲಿ ಬಿಟ್ಟ ಬಾಗಿಲುಗಳ ಮುಂದೆ ಎಳೆದರು. ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು. ಕೇರಿಯವರು ಒಬ್ಬೊಬ್ಬರಾಗಿ ಹಿಂದೆ ಬಂದರು. ನಾಲ್ಕು ಹೆಂಗಸರು ಹಗ್ಗಕ್ಕೆ ಕೈ ಹಾಕಿದರು. ಮೇಲೆ ಒಂಬತ್ತು ಹದ್ದು ಸುತ್ತುತ್ತಾ ಬಂದವು. ಬಂಗಲೆಯ ದೊಡ್ಡ ಗೇಟಿನ ಕಂಬದ ಮೇಲೆ ಮಾವಿನ ತೋರಣ ಕಟ್ಟಿದ್ದರು. ಅದರ ಕೆಳಗೆ ಕೆಂಚಮ್ಮ ಹಗ್ಗ ಬಿಟ್ಟಳು. ಕರುವಿನ ಪಕ್ಕದಲ್ಲಿ ಬಿದಿರು ಹಿಡಿದು ಕೂತಳು.

ಶಾಮಣ್ಣ ಸ್ನಾನದ ಒದ್ದೆ ತಲೆಯಲ್ಲೇ ಓಡಿಬಂದ. ಅಡಿಗೆಯವರು, ತೋಟದವರು, ಮೋಟಾರು ತೊಳೆಯುವವನು, ಎಲ್ಲ ಬಂದರು. ಯಾರೂ ಹತ್ತಿರ ಬರಲಿಲ್ಲ. ಅವಳನ್ನು ಹಿಡಿದು ಎಳೆಯುವಂತಿಲ್ಲ, ಮುಟ್ಟಬೇಕಾಗುತ್ತದೆ. ಕರುವನ್ನು ಎಳೆಯುವಂತಿಲ್ಲ, ಮುಟ್ಟಬೇಕಾಗುತ್ತದೆ. ತಲೆಮಾರುಗಟ್ಟಲೆ ಅವರೇ ಕಟ್ಟಿಕೊಂಡ ಬೇಲಿಯ ಆಚೆ ಅವರು ನಿಂತರು. ಅಲ್ಲಿಂದ ಕಲ್ಲು ಎಸೆದರು. ಕಲ್ಲಿಗೆ ಮೈಲಿಗೆಯಿಲ್ಲ. ಒಂದು ಕಲ್ಲು ಕೆಂಚಮ್ಮನ ಹುಬ್ಬಿಗೆ ಬಿತ್ತು. ರಕ್ತ ಕಣ್ಣಿಗಿಳಿಯಿತು. ಸೆರಗಿನಿಂದ ಒರೆಸಿಕೊಂಡು ಕೂತಲ್ಲೇ ಕೂತಳು.

ಶಾಮಣ್ಣ ಪಕ್ಕದ ಕೇರಿಗೆ ಆಳು ಓಡಿಸಿದ. ನಾಲ್ವರು ಗಂಡಸರು ಬಂದರು. ಕರುವನ್ನು ನೋಡಿದರು, ಕೆಂಚಮ್ಮನನ್ನು ನೋಡಿದರು. 

“ಬಿಳಿ ಪುಡಿನಾ ಅಕ್ಕ?” ಎಂದು ಒಬ್ಬ ಕೇಳಿದ. 

“ಊಂ ಕಣಪ್ಪ.” 

ಹೆಗಲ ಹಗ್ಗ ಕೆಳಗಿಟ್ಟು ಅವರೂ ಅವಳ ಹಿಂದೆ ಕೂತರು.

ಸಂಜೆಯ ರೈಲಿಗೆ ಮೋಟಾರು ಹೋಗುವ ಹೊತ್ತು ಹತ್ತಿರವಾಗುತ್ತಿತ್ತು. ಗೇಟಿನಲ್ಲಿ ಕರು ಬಿದ್ದಿತ್ತು. ಬುದ್ದಿಯೋರು ಜಗಲಿಗೆ ಬಂದರು. ಅವಳು ಇಪ್ಪತ್ತು ಹೆಜ್ಜೆಯಲ್ಲಿ ಕೂತಿದ್ದರೂ ಮಾತಾಡಿದ್ದು ಶಾಮಣ್ಣನ ಜೊತೆ.

“ಏನು ಬೇಕಂತೆ ಅದಕ್ಕೆ? ಕೇಳು.”

“ಗುಂಡಿ ಬೇಕು,” ಎಂದಳು ಕೆಂಚಮ್ಮ, ಶಾಮಣ್ಣ ಕೇಳುವ ಮುಂಚೆಯೇ. “ಆಳುದ್ದ ಗುಂಡಿ. ನಿಮ್ಮ ಗುಲಾಬಿ ತೋಟದಾಗೆ ತೋಡ್ಸಿ. ಅಲ್ಲಿ ಮಣ್ಣು ಮೆತ್ತಗದೆ, ಗೊಬ್ಬರ ಹೊತ್ತಾಕಿದ್ದು ನಾವೇ. ಉಳಿದಿರೋ ಪುಡೀನೂ ತಂದು ಅದ್ರೊಳಕ್ಕೇ ಆಕಿ. ಆಮೇಲೆ ಕರ ಎಳೆದು ಗುಂಡಿಗೆ ತಳ್ಳತೀವಿ. ತೋಡೋದು ಮಾತ್ರ ನಾವಲ್ಲ.”

“ಸತ್ತ ದನಕ್ಕೆ ನಾವು ಗುಂಡಿ ತೋಡಬೇಕೇನೇ?” ಎಂದ ಅಡಿಗೆಯವನು. ತೋಟದವನ ಮುಖ ನೋಡಿದ. ತೋಟದವನು, ಅದು ನಮ್ಮ ಜಾತಿ ಕೆಲಸವಲ್ಲ ಎಂದು ಮೋಟಾರಿನವನ ಮುಖ ನೋಡಿದ. ಕೊನೆಗೆ ಎಲ್ಲರೂ ಸವರಿಮುತ್ತುವನ್ನು ನೋಡಿದರು.

“ತೋಡೋ ಸವರಿ,” ಎಂದ ಶಾಮಣ್ಣ.

ಸವರಿಮುತ್ತು ಲಾಯದಿಂದ ಗುದ್ದಲಿ ತಂದ. “ನಾಯಿ ಕಟ್ಟು ಅಂದ್ರಿ, ಕಟ್ದೆ ಬುದ್ದಿ. ಪೊಟ್ಟಣ ಕೊಡು ಅಂದ್ರಿ, ಕೊಟ್ಟೆ. ಇದು ಆಗಕಿಲ್ಲ,” ಎಂದ. ಗುದ್ದಲಿಯನ್ನು ಶಾಮಣ್ಣನ ಮುಂದೆ ನೆಲದ ಮೇಲಿಟ್ಟು, ಗೇಟಿನ ಆಚೆ ಹೋಗಿ ಕೇರಿಯವರ ಜೊತೆ ನಿಂತ.

ಆ ಗಲಿಬಿಲಿಯಲ್ಲಿ ಒಂದು ಹದ್ದು ಕಂಬದ ಮೇಲಿನಿಂದ ಕರುವಿನ ಮೇಲೆ ಧುಮುಕಿತು. ಬಿದಿರು ಬೀಸಲು ವೇಳೆ ಇರಲಿಲ್ಲ. ಕೆಂಚಮ್ಮ ಬಗೆದ ಹೊಟ್ಟೆಯ ಮೇಲೆ ಬೋರಲು ಬಿದ್ದಳು. ಹದ್ದು ಅವಳ ಬೆನ್ನಿನ ಮೇಲೆ ಇಳಿಯಿತು. ಉಗುರು ರವಿಕೆ ಹರಿದು ಮಾಂಸಕ್ಕೆ ಇಳಿದವು. ಅವಳು ಏಳಲಿಲ್ಲ. ವಿಷ ತಾಗದಂತೆ ಬಾಯಿ ಬಿಗಿದು, ತೆರೆದ ಹೊಟ್ಟೆಯನ್ನು ಮೈಯಲ್ಲಿ ಮುಚ್ಚಿಕೊಂಡು ಮಲಗಿದಳು. ಮಹದೇವು ಬಂದು ಹಕ್ಕಿಯನ್ನು ಓಡಿಸಿದ. ಎದ್ದಾಗ ಅವಳ ಸೀರೆಯೆಲ್ಲ ಹೊಲಸು, ಬೆನ್ನೆಲ್ಲ ರಕ್ತ. ಸವರಿಮುತ್ತು ಕುದುರೆಗೆ ಇಟ್ಟಿದ್ದ ನೀರನ್ನು ತಂದು ಅವಳ ಮೈಮೇಲೆ ಸುರಿದು ತೊಳೆದ.

ಬುದ್ದಿಯೋರಿಗೆ ತಾಳ್ಮೆ ಮುಗಿಯಿತು. ಒಳಗೆ ಹೋಗಿ ಬಂದೂಕು ತಂದರು. ಮೊದಲ ಸಲ ಅವಳ ಜೊತೆಯೇ ನೇರವಾಗಿ ಮಾತಾಡಿದರು.

“ಆ ದರಿದ್ರ ಹಕ್ಕಿಗೋಸ್ಕರ ತಾನೇ ಇಷ್ಟೆಲ್ಲ? ಒಂಬತ್ತನ್ನೂ ಇಲ್ಲೇ ಸುಟ್ಟು ಕೆಡವ್ತೀನಿ. ಆಮೇಲೆ ಏನು ಕಾಯ್ತೀಯ ನೋಡ್ತೀನಿ.”

“ಸುಡಿ ಬುದ್ದಿ,” ಎಂದಳು ಕೆಂಚಮ್ಮ. ಅವಳ ದನಿ ಏರಲಿಲ್ಲ. “ಒಂಬತ್ತೂ ಸುಡಿ. ಹದ್ದು ಇರಕಿಲ್ಲ, ಇವತ್ತಿಂದ ನಾವೂ ಇರಕಿಲ್ಲ. ಇಪ್ಪತ್ತು ಹಸ, ಏಳು ಎತ್ತು ಅವೆಯಲ್ಲ ನಿಮ್ಮ ತಾವ. ಒಂದೊಂದೇ ಸಾಯ್ತವೆ. ಎಲ್ಲಾನೂ ನೀವೇ ಕುಂತು ತಿಂದು ತೀರುಸ್ಬೇಕಾಯ್ತದೆ.”

ಬುದ್ದಿಯೋರು ಬಂದೂಕು ಹಿಡಿದುಕೊಂಡೇ ನಿಂತರು. ಗಾಳಿ ತಿರುಗಿತ್ತು. ಬಿಸಿಲಿಗೆ ಬಿಗಿದ ಕರುವಿನ ನಾತ ಜಗಲಿ ಹತ್ತಿ, ಹಬ್ಬಕ್ಕೆ ಸುಣ್ಣ ಹೊಡೆದ ನಡುಮನೆಯೊಳಗೆ ಹೋಯಿತು. ಒಳಗಿನಿಂದ ಹೆಂಗಸರು ಕಿಟಕಿ ಮುಚ್ಚುವ ಸದ್ದು ಕೇಳಿಸಿತು. ಬುದ್ದಿಯೋರು ಕೈಗಡಿಯಾರ ನೋಡಿಕೊಂಡರು. ಶಾಮಣ್ಣನನ್ನು ನೋಡಿದರು.

“ತೋಡು,” ಎಂದು ಒಳಗೆ ಹೋದರು.

ಶಾಮಣ್ಣ ಸುತ್ತ ನೋಡಿದ. ಅಡಿಗೆಯವನು ಅಡಿಗೆಮನೆಗೆ ಜಾರಿದ್ದ, ತೋಟದವನು ಕಾಣಲಿಲ್ಲ. ಗುದ್ದಲಿ ನೆಲದ ಮೇಲಿತ್ತು. ಪಂಚೆ ಎತ್ತಿ ಕಟ್ಟಿದ. ಗುಲಾಬಿ ಗಿಡಗಳ ನಡುವೆ ನಿಂತು ಗುದ್ದಲಿ ಎತ್ತಿದ. ಹಿಡಿಯಲು ಬರುತ್ತಿರಲಿಲ್ಲ, ಮೊದಲ ಏಟಿಗೆ ಗುದ್ದಲಿ ಓರೆಯಾಗಿ ಕಣಕಾಲಿಗೆ ತಗುಲಿತು. ಕೇರಿಯ ಐವತ್ತು ಜನ ಗೇಟಿನ ಸರಳುಗಳ ಆಚೆಯಿಂದ ನೋಡಿದರು. ಯಾರೂ ನಗಲಿಲ್ಲ.

ಮೊಣಕಾಲುದ್ದ ತೋಡುವುದರೊಳಗೆ ಅಂಗೈ ಬೊಬ್ಬೆ ಎದ್ದು ಒಡೆದವು. ಸೊಂಟದುದ್ದಕ್ಕೆ ಬರುವಾಗ ಮೈಯೆಲ್ಲ ಮಣ್ಣು, ಜನಿವಾರ ಬೆವರಿಗೆ ಬೆನ್ನಿಗಂಟಿತ್ತು. ಹದ್ದುಗಳು ಮಾಡಿನ ಮೇಲೆ ಸಾಲಾಗಿ ಕೂತಿದ್ದವು. ಅವನು ಗುದ್ದಲಿಗೆ ಆತುಕೊಂಡು ಏದುಸಿರು ಬಿಡುತ್ತಾ ತಲೆ ಎತ್ತಿದ.

“ಸಾಕೇನೇ?”

ಕೆಂಚಮ್ಮ ಎದ್ದು ಬಂದು ಗುಂಡಿಯ ಅಂಚಿನಲ್ಲಿ ನಿಂತು ಒಳಕ್ಕೆ ನೋಡಿದಳು. ನರಿ ಎಷ್ಟು ಕೆದಕುತ್ತದೆಂದು ಅವಳಿಗೆ ಗೊತ್ತಿತ್ತು.

“ಸಾಲ್ದು ಶಾಮಣ್ಣ,” ಎಂದಳು. “ಇನ್ನೂ ತೋಡು.”